ಕಂಟ್ರೋಲ್ ಮನೆಗೆ ಹೋದ ಬಟ್ಟಲು

ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರಗಳಿರುವ ನಮ್ಮ ವಾಡೆಯ ಮಕ್ಕಳೆಲ್ಲ ಈಚೆಗೆ ಚೆನ್ನಾಗಿ ಮೈತುಂಬಿಕೊಂಡಿದ್ದಾರೆ. ಆ ದುಃಖದಲ್ಲಿ ನನ್ನ ಹೆಂಡತಿಯ ತಮ್ಮ ರಾಘು ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ.

ಮಕ್ಕಳು ದಪ್ಪಗಾದರೆ ಇವನಿಗೇನು ಸಂಕಟ ಅಂತೀರಾ? ಸಂಕಟ ಇದೆ. ಇವನು ಸೈಂಟಿಸ್ಟು.

ರಾಘು ಇಲ್ಲಿಯ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್. (ಹುಡುಗರು ಒಡೆದ ಗಾಜಿನ ನಳಿಗೆಗಳಿಗೆಲ್ಲ ಉತ್ತರ ಹೇಳುವ ಕೆಲಸ.) ಒಂದು ಪೇಪರ್ ಅಚ್ಚಾಗಲಿ, ಆಮೇಲೆ ಲೆಕ್ಚರರ್ ಮಾಡೋಣ ಎಂದು ಅವನ ಪ್ರೊಫೆಸರು ಹೇಳಿದ್ದಾರೆ. ಲೆಕ್ಚರರ್ ಆಗಲಿ, ಆಮೇಲೆ ಲಗ್ನ ಮಾಡೋಣ ಎಂದು ಬೆಳಗಾವಿಯಲ್ಲಿ ಮಾವನಾಗುವವರು ಹೇಳಿದ್ದಾರೆ. ಹುಡುಗಿ ಏನೂ ಹೇಳಿಲ್ಲ. ಅವಳ ಫೋಟೋ ರಾಘುವಿನ ಕೆಮಿಸ್ಟ್ರಿ ಪುಸ್ತಕದಲ್ಲಿದೆ. ಆ ಪುಸ್ತಕ ಎಲ್ಲಿ ತೆರೆದರೂ ಅದೇ ಪುಟ ತೆರೆದುಕೊಳ್ಳುತ್ತದೆ.

ಹೀಗಾಗಿ ಸಂಶೋಧನೆ ಅನಿವಾರ್ಯವಾಯಿತು.

ವಿಷಯವನ್ನು ಯುದ್ಧವೇ ಒದಗಿಸಿತು. ಅಕ್ಕಿ ಇಲ್ಲ, ಬೇಳೆ ಇಲ್ಲ, ಹಾಲಿನಲ್ಲಿ ನೀರೋ ನೀರಿನಲ್ಲಿ ಹಾಲೋ ತಿಳಿಯುವುದಿಲ್ಲ. ಶೇಂಗಾದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಸತ್ವವೆಲ್ಲ ಹಾಗೇ ಇರುತ್ತದಂತೆ. ಅದನ್ನು ಹಿಟ್ಟಿಗೆ ಬೆರೆಸಿ, ರೊಟ್ಟಿ ಮಾಡಿ, ಮಕ್ಕಳಿಗೆ ತಿನ್ನಿಸಿದರೆ ತೂಕ ಹೆಚ್ಚುತ್ತದೆಯೇ? ಇದು ರಾಘುವಿನ ಪ್ರಶ್ನೆ. ಯೆರವಡಾದಾಚೆಯ ಗಾಣದಿಂದ ಚೀಲಗಟ್ಟಲೆ ಹಿಂಡಿ ತಂದು, ಹಸನು ಮಾಡಿ, ಹುರಿದು, ಪುಡಿ ಮಾಡಿ ನಮ್ಮ ಪಡಸಾಲೆಯಲ್ಲಿಟ್ಟ.

“ಏನೋ ಇದು? ದನಾ ತಿನ್ನೂದಲ್ಲೇನು?” ಎಂದಳು ನನ್ನ ಹೆಂಡತಿ.

“ಅಕ್ಕಾ, ಇದರಾಗ ಭಾಳ ಪ್ರೋಟೀನ್ ಅದ.”

“ಅದಕ್ಕ ನೋಡು ದನಾ ತಿನ್ನೂದು.”

ರಾಘು ಸೋಲಲಿಲ್ಲ. ವಾಡೆಯ ಅರ್ಧ ಮನೆಗಳಿಗೆ ಪುಡಿ. ಉಳಿದ ಅರ್ಧಕ್ಕೆ ಪುಡಿ ಇಲ್ಲ, ಎಂದಿನ ಊಟವೇ, ಹೋಲಿಸಿ ನೋಡಲಿಕ್ಕೆ. ಈ ಎರಡನೆಯ ಗುಂಪಿಗೆ ಸೈನ್ಸಿನಲ್ಲಿ ‘ಕಂಟ್ರೋಲ್’ ಎನ್ನುತ್ತಾರಂತೆ. ಯಾವ ಮನೆ ಯಾವ ಗುಂಪು ಎಂಬುದನ್ನು ಚೀಟಿ ಎತ್ತಿಯೇ ಗೊತ್ತುಮಾಡಬೇಕು. ಬೇಕಾದವರನ್ನು ಬೇಕಾದ ಕಡೆ ಸೇರಿಸಿದರೆ ಅದು ಸೈನ್ಸಲ್ಲ, ಮುನಿಸಿಪಾಲಿಟಿ.

ಚೀಟಿ ಎತ್ತಿದರು. ನಮ್ಮ ಮನೆಗೆ ಹಿಂಡಿ ಬಂತು. ಎದುರುಮನೆಯ ಅಂಬಕ್ಕನವರಿಗೆ ಕಂಟ್ರೋಲ್ ಬಂತು.

ಈಗಿನ ಕಾಲದಲ್ಲಿ ಕಂಟ್ರೋಲ್ ಎಂದರೇನು ಎಂದು ನಿಮಗೆ ಬಿಡಿಸಿ ಹೇಳಬೇಕೇ? ರೇಶನ್ ಅಂಗಡಿಯ ಕಂಟ್ರೋಲ್ ಸಕ್ಕರೆ. ಕಂಟ್ರೋಲ್ ಚಿಮಣಿ ಎಣ್ಣೆ. ಕಂಟ್ರೋಲ್ ಧೋತರ. ಆ ಶಬ್ದ ಕಿವಿಗೆ ಬಿದ್ದರೆ ಸಾಕು, ಮಲಗಿದವರು ಎದ್ದು ಕ್ಯೂ ನಿಲ್ಲುತ್ತಾರೆ. ನನ್ನ ಹೆಂಡತಿ ತಮ್ಮನ ಮೇಲೆ ಹರಿಹಾಯ್ದಳು.

“ಸ್ವಂತ ಅಕ್ಕಗ ದನದ ಹಿಂಡಿ, ಎದುರುಮನಿಯವರಿಗೆ ಕಂಟ್ರೋಲ್! ಎತ್ತಿ ಆಡಿಸಿದ್ದಕ್ಕ ಛಲೋ ಮಾಡ್ದಿ ನೋಡು!”

“ಅಕ್ಕಾ, ಕಂಟ್ರೋಲ್ ಅಂದ್ರ ಏನೂ ಕೊಡಂಗಿಲ್ಲ.”

“ಹಂಗ ಹೇಳಬೇಕಾಗ್ತದ ನಿನಗ. ಗೊತ್ತದ ನನಗ.”

ಮರುದಿನ ಬೆಳಗ್ಗೆ ಅಂಬಕ್ಕನವರು ಖಾಲಿ ಡಬ್ಬಿ ಹಿಡಿದು ಬಂದೇಬಿಟ್ಟರು.

“ರಾಘು, ಸಕ್ಕರಿ ಇದರಾಗ ಹಾಕಪಾ. ಎಣ್ಣಿ ಬೇಕಾದ್ರ ಸಂಜೀಕೆ ಒಯ್ತೀನಿ.”

ರಾಘು ಕೈಮುಗಿದು ವಿವರಿಸಿದ. ಕಂಟ್ರೋಲಿನವರಿಗೆ ಏನೂ ಸಿಗುವುದಿಲ್ಲ, ಸುಮ್ಮನೆ ಇದ್ದರಾಯಿತು ಎಂದ. ಅಂಬಕ್ಕ ಪೂರ್ತಿ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ.

“ಅಷ್ಟ ಹೌದಲ್ಲೊ? ಅಂಗಡ್ಯಾಗೂ ಹಿಂಗ ಹೇಳ್ತಾರ,” ಎಂದು ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಹೋದರು.

ಮಕ್ಕಳನ್ನು ತೂಗಲು ಓಣಿಯ ತುದಿಯ ಕಟ್ಟಿಗೆ ವಖಾರಿಯ ದೊಡ್ಡ ತಕ್ಕಡಿ ಗೊತ್ತಾಯಿತು. “ಕಾಯ್ ಹೋ, ಮಾಣಸಂ ಪಣ್ ವಿಕಾಯಲಾ ಕಾಢಲೀ ಕಾ?” ಎಂದ ವಖಾರಿಯ ಮಾಲೀಕ. (ಮನುಷ್ಯರನ್ನೂ ಮಾರಾಟಕ್ಕೆ ತೆಗೆದಿರಾ ಎಂದು.) ಮೊದಲ ತೂಕ ಆಯಿತು. ಹಿಂಡಿಯ ರೊಟ್ಟಿ ಶುರುವಾಯಿತು.

ಮೊದಲ ದಿನದ ರೊಟ್ಟಿಯನ್ನು ನಾನೂ ತಿಂದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬೀಗರ ವಿಷಯ.

ನನ್ನ ಹೆಂಡತಿಯದೊಂದು ಸ್ವಭಾವ. ತಾನು ಮಾಡಿದ್ದನ್ನು ಯಾರಾದರೂ ಮುಖ ಸಿಂಡರಿಸಿ ತಿಂದರೆ ಅವಳಿಗೆ ತಡೆಯುವುದಿಲ್ಲ. ನಮ್ಮ ಕಡೆ ಎರಡು ಹಿಂಡಿಗಳಿವೆ. ದನಕ್ಕೆ ಇಡುವುದೂ ಹಿಂಡಿ. ಮೆಣಸಿನಕಾಯಿ, ಜೀರಿಗೆ, ಹುಣಸೆಹಣ್ಣು ಹಾಕಿ ಕುಟ್ಟಿ ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಯೂ ಹಿಂಡಿಯೇ. ಮೂರು ದಿನ ಹಟ ಹಿಡಿದು ಒರಳು ಕುಟ್ಟಿದವಳು ನಾಲ್ಕನೆಯ ದಿನ ನನ್ನ ತಾಟಿಗೆ ಏನೋ ಬಡಿಸಿದಳು.

“ದನದ ಹಿಂಡೀನ ಮಂದಿ ಹಿಂಡಿ ಮಾಡೇನಿ. ತಿಂದು ನೋಡ್ರಿ.”

ಏನು ಹೇಳಲಿ? ಎರಡು ರೊಟ್ಟಿ ತಿನ್ನುವವನು ನಾಲ್ಕು ತಿಂದೆ. ಮಕ್ಕಳು ಬೆರಳು ನೆಕ್ಕಿದರು. ಹಿಂಡಿಯ ಪಾಲು ಬಂದ ಮನೆಗಳಲ್ಲೆಲ್ಲ ಇದೇ ಪದ್ಧತಿಯಾಯಿತು. ರಾಘು ಹಿಗ್ಗಿದ. ಫೋಟೋ ಇದ್ದ ಪುಸ್ತಕವನ್ನು ದಿನವೂ ಓದತೊಡಗಿದ.

ಕೊನೆಯ ತೂಕದ ದಿನ ಬಂತು. ಹಿಂಡಿ ತಿಂದ ಮಕ್ಕಳೆಲ್ಲ ತೂಕದಲ್ಲಿ ಏರಿದ್ದರು. ಕಂಟ್ರೋಲಿನ ಮಕ್ಕಳೂ ಅಷ್ಟೇ ಏರಿದ್ದರು! ಅಂಬಕ್ಕನ ಮೊಮ್ಮಗನಂತೂ ಎಲ್ಲರಿಗಿಂತ ಒಂದು ಕೈ ಮೇಲು. ರಾಘು ಪಡಸಾಲೆಯಲ್ಲಿ ಕುಳಿತು ಕೂಡಿದ, ಕಳೆದ, ತಲೆ ಕೆರೆದುಕೊಂಡ. ಎರಡು ಗುಂಪಿಗೂ ಫರಕೇ ಇಲ್ಲ. ಫರಕಿಲ್ಲದಿದ್ದರೆ ಪೇಪರ್ ಎಲ್ಲಿಯದು?

ಆಗ ಅಂಬಕ್ಕನವರು ಒಳಗೆ ಬಂದರು. ಕೈಯಲ್ಲಿ ನಮ್ಮ ಮನೆಯ ಬಟ್ಟಲು. (ಬಟ್ಟಲನ್ನು ಬರಿದಾಗಿ ತಿರುಗಿ ಕೊಡಬಾರದಲ್ಲ, ತುಂಬ ಮಾವಿನ ಉಪ್ಪಿನಕಾಯಿ.)

“ಈ ಸಲದ ಹಿಂಡಿ ಭಾಳ ಛಲೋ ಆಗಿತ್ತವಾ. ನಮ್ಮ ಹುಡುಗ ಅದಿಲ್ಲದ ರೊಟ್ಟೀನ ಮುಟ್ಟವಲ್ಲ.”

ರಾಘುವಿನ ಪೆನ್ಸಿಲು ಕೆಳಗೆ ಬಿತ್ತು.

“ಅಕ್ಕಾ! ಕಂಟ್ರೋಲಿನವರಿಗೆ ಹಿಂಡಿ ಕೊಟ್ಟಿಯೇನು?”

“ಕೊಡಲಾರದ ಹೆಂಗ ಇರ್ಲೋ? ಒರಳಿನ ಸಪ್ಪಳ ಅವರಿಗೆ ಕೇಳ್ತದ, ಹುರಿದ ವಾಸನಿ ಹೋಗ್ತದ. ಬಾಗಲಾ ಹಾಕ್ಕೊಂಡು ನಾವಷ್ಟ ತಿನ್ನಬೇಕೇನು? ನಾ ಒಬ್ಬಾಕಿ ಅಲ್ಲ, ಎಲ್ಲಾರೂ ಕೊಟ್ಟಾರ.”

ರಾಘು ಮಲಗಿದ್ದು ಆವಾಗಲೇ. ಕಣ್ಣಲ್ಲಿ ನೀರಿತ್ತು. ನನ್ನ ಹೆಂಡತಿಗೆ ಮಾತ್ರ ಕೊನೆಯವರೆಗೂ ಅರ್ಥವಾಗಲಿಲ್ಲ.

“ಎಲ್ಲಾ ಮಕ್ಕಳೂ ಮೈ ಹಿಡದಾವ. ಅದಕ್ಕ ಅಳ್ತಾರೇನೋ ಹುಚ್ಚಾ?”

ಅವಳ ಮಾತಿನಲ್ಲಿ ತಪ್ಪು ಹುಡುಕಿ ನೋಡಿ. ನನಗಂತೂ ಸಿಗಲಿಲ್ಲ.

ನಾನು ಆಫೀಸಿನ ಕಾರಕೂನ. ಬೇಡದ್ದನ್ನು ಬಿಟ್ಟು ಬರೆಯುವುದು ನಮಗೆ ಅಭ್ಯಾಸ. “ಕಂಟ್ರೋಲಿನ ಸುದ್ದಿಯೇ ಎತ್ತಬೇಡ. ಹಿಂಡಿ ತಿಂದರು, ತೂಕ ಹೆಚ್ಚಿತು. ಇಷ್ಟೇ ಬರಿ. ಸುಳ್ಳಂತೂ ಅಲ್ಲಲ್ಲ?” ಎಂದೆ.

ರಾಘು ಎದ್ದು ಕುಳಿತ. “ಸುಳ್ಳಲ್ಲ ಖರೆ, ಭಾವಾ. ಆದ್ರ ಮಕ್ಕಳು ಬೆಳಿಯೋ ವಯಸ್ಸಿನವು. ಹಿಂಡಿ ಇಲ್ಲದಿದ್ರೂ ಇಷ್ಟು ಏರತಿದ್ದವೋ ಏನೋ, ಯಾರಿಗ್ಗೊತ್ತು? ನಾಳೆ ಯಾರರೆ ನನ್ನ ಪೇಪರ್ ನಂಬಿ ಹಸಿದ ಮಕ್ಕಳಿಗೆ ಇದೊಂದ ಕೊಟ್ಟು ಕೂತ್ರ?”

ಲಗ್ನ ಕೈತಪ್ಪುವ ಹೊತ್ತಿನಲ್ಲಿ ಹೀಗೆ ಮಾತಾಡುವ ಹುಡುಗನ ಮೇಲೆ ನನಗೆ ಪ್ರೀತಿ ಉಕ್ಕಿತು. ಹೇಳಲಿಲ್ಲ. ಭಾವಂದಿರಲ್ಲಿ ಆ ಪದ್ಧತಿ ಇಲ್ಲ.

ಕಡೆಗೆ ಇದ್ದದ್ದನ್ನು ಇದ್ದ ಹಾಗೇ ಬರೆದೆವು. ಕಷ್ಟವಾದದ್ದು ಬಟ್ಟಲು. ಅಂಬಕ್ಕನ ಮನೆಗೆ ಹೋದ ಬಟ್ಟಲನ್ನು ಸೈನ್ಸಿನ ಇಂಗ್ಲಿಷಿಗೆ ಇಳಿಸುವುದು ಹೇಗೆ? ‘ಪ್ರಯೋಗದ ವಸ್ತುವು ಸೌಹಾರ್ದದ ಮಾರ್ಗವಾಗಿ ಕಂಟ್ರೋಲ್ ಗುಂಪನ್ನು ಪ್ರವೇಶಿಸಿತು’ ಎಂಬರ್ಥದ ಒಂದು ವಾಕ್ಯಕ್ಕೆ ಇಡೀ ಭಾನುವಾರ ಹಿಡಿಯಿತು.

ಪೇಪರ್ ಕಳಿಸಿದ್ದ ಸೈನ್ಸ್ ಪತ್ರಿಕೆಯ ಸಂಪಾದಕರಿಂದ ಹೋದ ವಾರ ಉತ್ತರ ಬಂತು. ಮರ್ಯಾದಸ್ಥರು. ಪ್ರಾಮಾಣಿಕತೆ ಮೆಚ್ಚುವಂಥದ್ದು, ಆದರೆ ಹೀಗೆ ಅಚ್ಚು ಹಾಕಲಾಗದು ಎಂದಿದ್ದಾರೆ. ಒಂದು ಮನೆಯ ತಿನಿಸು ಇನ್ನೊಂದು ಮನೆಗೆ ಹೋಗದಂಥ ಜಾಗ ಹುಡುಕಿ, ಮತ್ತೆ ಪ್ರಯೋಗ ಮಾಡಿದರೆ ಖಂಡಿತ ಹಾಕುತ್ತಾರಂತೆ.

ಅಂದಿನಿಂದ ರಾಘು ಸೈಕಲ್ ಹತ್ತಿ ಅಂಥ ಜಾಗ ಹುಡುಕುತ್ತಿದ್ದಾನೆ. ಊರಿನ ಪೇಟೆ, ಓಣಿಗಳೆಲ್ಲ ಮುಗಿದವು. ಒಂದು ವಾಡೆಯಲ್ಲಿ ಎರಡು ಮನೆಯವರು ಕೋರ್ಟಿನಲ್ಲಿ ಬಡಿದಾಡುತ್ತಿದ್ದಾರೆಂದು ತಿಳಿದು ಬಹಳ ಆಸೆಯಿಂದ ಓಡಿದ. ಹೋಗಿ ನೋಡಿದರೆ ಗಂಡಸರು ಕೋರ್ಟಿಗೆ ಹೋಗಿದ್ದರು, ಹೆಂಗಸರು ಗೋಡೆಯ ಮೇಲಿಂದ ಸಾರಿನ ಪಾತ್ರೆ ದಾಟಿಸುತ್ತಿದ್ದರು.

ನೆರೆಮನೆಗೆ ಬಟ್ಟಲು ಹೋಗದ ಓಣಿ ನಿಮ್ಮೂರಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಬ್ಬ ಪ್ರಾಮಾಣಿಕ ಹುಡುಗನ ಲಗ್ನ ನಿಂತಿದೆ.