ಆಲ್ಪ್ಸ್ ಬೆಟ್ಟದ ತುದಿಯಲ್ಲಿ ಬಿಚ್ಚಿಟ್ಟ ಬೂಟು

ಬೂಟು ಉರುಳಿತು. ಮೊದಲು ನಿಧಾನವಾಗಿ, ಆಮೇಲೆ ಯಾರೋ ಕರೆದ ಹಾಗೆ ಜೋರಾಗಿ, ಹಿಮದ ಮೇಲೆ ಜಾರಿ ಮಾಯವಾಯಿತು. ಮಹಬೂಬ ಚಾಚಾ ಆಲ್ಪ್ಸ್ ಬೆಟ್ಟದ ತುದಿಯಲ್ಲಿ ಒಂದು ಕಾಲೆತ್ತಿಕೊಂಡು ನಿಂತಿದ್ದರು. 'ಹೋಯ್ತಲ್ಲೋ ತಮ್ಮಾ' ಅಂದರು, ಚಿಟಗುಪ್ಪದ ಬಸ್ಸು ತಪ್ಪಿದವರ ಹಾಗೆ.

ಅದರ ಜೋಡಿ ಬೂಟು ಇವತ್ತು ಹುಮನಾಬಾದಿನ ಅವರ ಮನೆಯಲ್ಲಿ ಕಂಡಿತು. ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದಾರೆ. ಅದಕ್ಕೇ ಇದೆಲ್ಲ ನಿಮಗೆ ಹೇಳುತ್ತಿದ್ದೇನೆ.

ನಾವೇನು ಬೆಟ್ಟ ಹತ್ತಲು ಹೋದವರಲ್ಲ. ಸ್ವಿಟ್ಜರ್ಲೆಂಡ್ ನೋಡಲು ಹೋಗುವ ನಮ್ಮ ಮಂದಿಗೆ ಅಲ್ಲಿಯೂ ಅನ್ನ-ಬೇಳೆಯೇ ಬೇಕು. ಅದಕ್ಕೆ ಟೂರಿನವರು ಅಡುಗೆಯವರನ್ನೂ ಜೊತೆಗೆ ಒಯ್ಯುತ್ತಾರೆ. ಚಾಚಾ ಉಸ್ತಾದ್, ನಾನು ಅವರ ಕೈಕೆಳಗೆ. ಪ್ರತಿ ವರ್ಷ ಅದೇ ಹೋಟೆಲಿನ ಅಡುಗೆಮನೆಯ ಕಿಟಕಿಯಲ್ಲಿ ಅದೇ ಬೆಟ್ಟ ನೋಡುತ್ತ ಚಾಚಾ ಉಳ್ಳಾಗಡ್ಡಿ ಹೆಚ್ಚಿದ್ದರು. ಮೊಣಕಾಲು ಕೈಕೊಟ್ಟಿದ್ದವು, ಅದು ಅವರ ಕೊನೆಯ ಟೂರು.

'ಒಮ್ಮೆ ಮ್ಯಾಲ ಹೋಗಿ ಬರಬೇಕು.'

'ಮ್ಯಾಲ ಏನದ ಚಾಚಾ? ಬರ್ಫ್ ಬೇಕಂದ್ರ ಫ್ರಿಜ್‌ನಾಗ ಅದ.'

'ಬಾಯಿ ಮುಚ್ಚಿ ರೊಟ್ಟಿ ಕಟ್ಟು.'

ಊರು ನೋಡಲು ಹೋದ ಮಂದಿ ಸಂಜೆ ಬರುವುದರೊಳಗೆ ಊಟ ತಯಾರಿರಬೇಕು, ಇಲ್ಲದಿದ್ದರೆ ಇಬ್ಬರೂ ಊರಿಗೆ ಹೋಗಿರಿ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದ. ಆದರೂ ಹತ್ತಿದೆವು. ನಿಸರ್ಗದ ವರ್ಣನೆ ಬೇಕಾದವರು ಬೇರೆಯವರನ್ನು ಕೇಳಿರಿ. ನಾನು ಚಾಚಾರ ಹಿಮ್ಮಡಿ ಬಿಟ್ಟು ಏನೂ ನೋಡಲಿಲ್ಲ.

ತುದಿಯಲ್ಲಿ ಕಬ್ಬಿಣದ ದೊಡ್ಡ ಶಿಲುಬೆ ಇತ್ತು. ಅದನ್ನು ಕಂಡದ್ದೇ ಚಾಚಾ ಕೂತು ಬೂಟು ಬಿಚ್ಚತೊಡಗಿದರು.

'ಹುಚ್ಚು ಹಿಡದದೇನ್ರಿ? ಕೆಳಗ ಬರ್ಫ್ ಅದ.'

'ಯಾರದೋ ಸ್ಥಾನ ಅದ. ಮಾಣಿಕನಗರದ ಗುಡಿಯಾಗ ಬೂಟ ಹಾಕ್ಕೊಂಡು ಒಳಗ ಹೋಗ್ತಿಯೇನು?'

'ಅಲ್ಲಿ ಚಪ್ಪಲಿ ಕಾಯಾಂವ ಇರ್ತಾನ. ಇಲ್ಲಿ ಯಾರದಾರ?'

ಗೊಣಗುತ್ತ ನಾನೂ ಬಿಚ್ಚಿದೆ. ಮದುವೆ ಮನೆಗಳಲ್ಲಿ ಚಪ್ಪಲಿ ಕಳಕೊಂಡವನು ನಾನು. ನನ್ನವನ್ನು ಚೀಲಕ್ಕೆ ತುರುಕಿದೆ. ಚಾಚಾ ಮಾತ್ರ ಹೊಸ್ತಿಲ ಮುಂದೆ ಇಡುವ ಹಾಗೆ ಜೋಡಿಸಿ ಹಿಮದ ಮೇಲೇ ಇಟ್ಟರು. ಅಲ್ಲಿ ಬ್ರೆಡ್ಡು ತಿನ್ನುತ್ತಿದ್ದ ಗಂಡಹೆಂಡತಿ, ಇದೂ ಒಂದು ಯೋಗ ಇರಬೇಕು ಅನ್ನುವಂತೆ ನೋಡಿದರು. ಚಾಚಾ ಅಂಗೈ ತೆರೆದು ತುಟಿಯೊಳಗೇ ಏನೋ ಬೇಡಿಕೊಂಡರು. ತಿರುಗಿ ಬಂದು ಒಂದು ಬೂಟು ಹಾಕಿಕೊಳ್ಳುವಾಗ ಇನ್ನೊಂದಕ್ಕೆ ಮೊಣಕೈ ತಾಗಿತು. ಮೊದಲು ಹೇಳಿದೆನಲ್ಲ, ಆ ಬೂಟು.

'ನಂದೊಂದು ಹಾಕ್ಕೊಳ್ರಿ.'

'ನೀ ಹ್ಯಾಂಗ ಇಳಿತಿ?'

'ನಮ್ಮೂರ ಮೋರಖಂಡಿ ಹೊಲದಾಗ ಬೂಟ ಹಾಕ್ಕೊಂಡೇ ಬೆಳದೀನೇನು?'

ರೊಟ್ಟಿ ಕಟ್ಟಿದ ಬಟ್ಟೆಯನ್ನು ಕಾಲಿಗೆ ಸುತ್ತಿಕೊಂಡೆ. ಹಿಮ ಮುಗಿಯುವಷ್ಟರಲ್ಲಿ ಬೆರಳುಗಳು ನನ್ನವೋ ಬೇರೆಯವರವೋ ತಿಳಿಯದಾಯಿತು. ಮೊಣಕಾಲು ನೋವಿನ ಚಾಚಾ ನನಗೇ ಹೆಗಲು ಕೊಟ್ಟು ಇಳಿಸಿದರು. ಅವತ್ತು ಟೂರಿನ ಮಂದಿಗೆ ಬರೀ ಖಿಚಡಿ. ಹಪ್ಪಳ ಎಲ್ಲಿ ಎಂದು ಒಬ್ಬಿಬ್ಬರು ಕೇಳಿದರು, ಆದರೂ ತಿಂದರು.

'ಎಲ್ಲಿ ಹೋಗಿದ್ರಿ?' ಅಂದ ಮ್ಯಾನೇಜರ್.

'ದುವಾ ಮಾಡಾಕ' ಅಂದರು ಚಾಚಾ. ಸುಳ್ಳೇನಲ್ಲ.

ಇವತ್ತು ಅವರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಕೂಗು ಬಂತು. 'ಗ್ವಾಡಿಗಿ ಹಚ್ಚಿ ಇಡು, ಉರುಳ್ತಾವ.'

'ಹುಮನಾಬಾದ ಸಪಾಟ ಅದ, ಚಾಚಾ.'

'ಅದು ಚಪ್ಪಲಿಗಿ ಗೊತ್ತದೇನು?'

ಗೋಡೆಗೆ ಹಚ್ಚಿ ಇಟ್ಟೆ. ಒಳಗೆ ಹೋಗಿ ಚಹಾ ಕುಡಿದೆ. ಅಷ್ಟೇ, ಇನ್ನು ಹೇಳುವುದು ಏನೂ ಇಲ್ಲ.