ಏಕಾದಶಿಯ ದಿನ ವೀರನ ಫಲಾಹಾರ

ಬಸವನ ಬಾಗೇವಾಡಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಸಾವಿತ್ರೀಬಾಯಿಯವರು ತಮ್ಮನ ಮಗಳು ಮಂಜರಿಯ ಹಳೆಯ ಜಪಾನಿ ವಿಡಿಯೋ ಗೇಮಿನ ಗೀಳಿಗೆ ಬಿದ್ದು ಎರಡು ತಿಂಗಳಾಗಿತ್ತು. ಆಟದ ವೀರ ಊರೂರು ಅಲೆದು, ಬಲ ಗಳಿಸಿ, ಕೊನೆಗೊಂದು ಘಟಸರ್ಪವನ್ನು ಕೊಲ್ಲಬೇಕು. ಏಟು ಬಿದ್ದಾಗ ಅವನಿಗೆ ಚೀಲದಲ್ಲಿರುವುದನ್ನು ತಿನ್ನಿಸಬೇಕು. ಬಾಯಿಯವರ ಗುಂಡಿಗೆಯೆಲ್ಲ ಆಟದ ಗುಂಡಿಗಳಲ್ಲೇ ಇತ್ತು.

ಸರ್ಪ ಇವರನ್ನು ಹನ್ನೊಂದು ಸಲ ಸೋಲಿಸಿತ್ತು. ಈ ದಿನ ನಾಲ್ಕರ ಬಸ್ಸಿಗೆ ಮಂಜರಿ ಆಟದ ಪೆಟ್ಟಿಗೆಯನ್ನು ತನ್ನೂರು ಕೊಲ್ಹಾರಕ್ಕೆ ಒಯ್ಯುವವಳಿದ್ದಳು. ಇದೇ ಕೊನೆಯ ಅವಕಾಶ.

ಮೂರೂವರೆಗೆ ಸರ್ಪದ ಜೀವ ಕೂದಲೆಳೆಯಷ್ಟು ಉಳಿಯಿತು. ವೀರನದೂ ಅಷ್ಟೇ. ಚೀಲದಲ್ಲಿದ್ದ ಹಣ್ಣೆಲ್ಲ ಮುಗಿದಿತ್ತು.

"ಅತ್ಯಾ, ರೊಟ್ಟಿ ತಿನ್ಸು! ಒಂಬತ್ತ ಅವ!" ಮಂಜರಿ ಕೂಗಿದಳು.

"ಇವತ್ತ ಏಕಾದಶಿ."

"ಏಕಾದಶಿ ನಿಂದು! ಅಂವ ಜಪಾನದಾಂವ!"

"ಇರೋದು ನಮ್ಮ ಮನ್ಯಾಗ."

ವೀರ ಸತ್ತ.

ಬಾಯಿಯವರು ಕನ್ನಡಕ ಒರೆಸಿಕೊಂಡು, ವೈರುಗಳನ್ನು ತಾವೇ ಬಿಚ್ಚಿ ಸುತ್ತತೊಡಗಿದರು. "ತೊಗೊಂಡು ಹೋಗವಾ. ಬಸ್ಸು ತಪ್ಪೀತು."

ಮಂಜರಿ ಗಡಿಯಾರ ನೋಡಿದಳು, ಅತ್ಯಾನ ಮುಖ ನೋಡಿದಳು, ವೈರುಗಳನ್ನು ಕಸಿದುಕೊಂಡು ಮತ್ತೆ ಸಿಕ್ಕಿಸಿದಳು. "ನಾಳೆ ದ್ವಾದಶಿ. ಪಾರಣಿ ಮುಗಿಸಿಕೊಂಡು ಹೋಗ್ತೇನಿ, ತೊಗೊ."

ಮರುದಿನ ಸೂರ್ಯೋದಯವಾದೊಡನೆ ಉಪವಾಸ ಮುರಿಯಲು ಎಲೆ ಹಾಕಿದರು. ಮೊದಲು ವೀರ ಒಂಬತ್ತೂ ರೊಟ್ಟಿ ತಿಂದ. ಸರ್ಪ ಏಳು ಗಂಟೆಗೆ ನೆಲಕ್ಕುರುಳಿತು. ಆಮೇಲೆ ಬಾಯಿಯವರು ತಮಗೂ ಬಡಿಸಿಕೊಂಡರು.