ಬದಲಾದ ಬೋಗುಣಿ

ಕಲಬುರಗಿಯಲ್ಲಿ ನನ್ನದೊಂದು ಕಲಾಯಿ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ತಿದಿ, ಇದ್ದಲಿ ಚೀಲ, ತವರದ ತುಂಡು, ಮತ್ತು ಕುಳಿತಲ್ಲಿಂದಲೇ ಎಲ್ಲರನ್ನೂ ಗದರುವ ನಾನು. ಊರೊಳಗಿನ ಬ್ರಹ್ಮಪುರ ಓಣಿಯ ಲಿಂಗಾಯತರ ಮನೆಗಳಿಂದಲೂ ಕಮಲಾಪುರದ ನಮ್ಮ ಮುಸಲ್ಮಾನರ ಮನೆಗಳಿಂದಲೂ ತಾಮ್ರದ ಪಾತ್ರೆಗಳು ಬರುತ್ತಿದ್ದವು. ಕಮಲಾಪುರಕ್ಕೆ ತಿಂಗಳಿಗೊಮ್ಮೆ ನಾನೇ ಬಂಡಿಯಲ್ಲಿ ಹೋಗಿ ಕಲಾಯಿ ಹಾಕಿದವನ್ನು ಕೊಟ್ಟು ಹಾಕಬೇಕಾದವನ್ನು ತರುತ್ತಿದ್ದೆ. ನಮ್ಮವರ ಪಾತ್ರೆಯಲ್ಲಿ ಮಾಂಸ ಬೇಯುತ್ತದೆ, ಲಿಂಗಾಯತರ ಮನೆಯಲ್ಲಿ ಅದರ ಹೆಸರೂ ಎತ್ತುವಂತಿಲ್ಲ. ಅದಕ್ಕೇ ಯಾರ ಪಾತ್ರೆ ಎಂದು ತಳಕ್ಕೆ ಇದ್ದಲಿಯಿಂದ ಗುರುತು ಹಾಕುತ್ತಿದ್ದೆ. ನನ್ನ ಬಾಯಿ ಕೆಟ್ಟದಾದರೂ ಗಿರಾಕಿಗಳು ಬಿಟ್ಟುಹೋಗದಿದ್ದುದು ಈ ಒಂದು ನಂಬಿಕೆಯ ಮೇಲೆ.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆ್ಯಕ್ಷನ್ ಸುದ್ದಿ ಬಂದ ದಿನ, ನಮ್ಮ ಮುಸಲ್ಮಾನರ ಮನೆಗಳ ಮೇಲೆ ಬೀಳುತ್ತಾರೆ ಎಂದು ಹೆದರಿದೆ. ಪಾತ್ರೆಗಳನ್ನೆಲ್ಲ ಹಿತ್ತಲ ಹಾಳುಬಾವಿಗೆ ಇಳಿಸಿ, ಮೇಲೆ ಜೋಳದ ಕಣಿಕೆ ಮುಚ್ಚಿ, ಹೆಂಡತಿ ಮಕ್ಕಳೊಂದಿಗೆ ಗೆಳೆಯನ ಮನೆ ಸೇರಿದೆ. ಊರು ತಣ್ಣಗಾದ ಮೇಲೆ ಬಂದು ನೋಡಿದರೆ ಒಂದು ಸೌಟೂ ಕಳೆದಿರಲಿಲ್ಲ. ಗುರುತುಗಳು ಮಾತ್ರ ಅಳಿಸಿಹೋಗಿದ್ದವು. ಇಪ್ಪತ್ತು ವರ್ಷ ಮುಟ್ಟಿದ ಪಾತ್ರೆ, ನನಗೆ ಗುರುತು ಯಾಕೆ ಬೇಕು ಎಂದು ಜಂಬದಿಂದ ಹಂಚಿಬಿಟ್ಟೆ. ಎಲ್ಲರೂ ಹೊಗಳಿದರು. ನಾನೂ ಉಬ್ಬಿಹೋದೆ.

ಎರಡು ತಿಂಗಳಾದ ಮೇಲೆ ಬಂಡಿಯಲ್ಲಿ ಕಮಲಾಪುರಕ್ಕೆ ಹೋದಾಗ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬಳು ಬೋಗುಣಿ ಬೋರಲು ಹಾಕಿ ತೋರಿಸಿದಳು.

"ಭಾಯಿ, ನಂದರ ತಳ ನಗ್ಗಿತ್ತು. ಇದು ನಂದಲ್ಲ. ನೋಡಲಾರದೇ ಇದರಾಗ ಖೀಮಾ ಮಾಡೀನಿ."

ತಿರುಗಿಸಿ ನೋಡಿದಾಗ ಗೊತ್ತಾಯಿತು, ಅದು ಬ್ರಹ್ಮಪುರದ ಒಬ್ಬ ಆಯಿಯ ಬೋಗುಣಿ. ಅಂದರೆ ಖಾಲಾಳ ಮಾಂಸದ ಬೋಗುಣಿಯಲ್ಲಿ ಆ ಲಿಂಗಾಯತರ ಮುದುಕಿ ಎರಡು ತಿಂಗಳಿಂದ ಬೇಳೆ ಬೇಯಿಸುತ್ತಿದ್ದಳು!

ಕಲಾಯಿಯ ನೆಪದಲ್ಲಿ ಸುಮ್ಮನೆ ಬದಲಿಸಿಬಿಡಿ, ಬಾಯಿ ಬಿಡಬೇಡಿ ಎಂದಳು ಹೆಂಡತಿ. ಆ ದಿನಗಳಲ್ಲಿ ನನ್ನ ಕೈಯಿಂದ ಇಂಥ ತಪ್ಪಾಗಿದೆ ಎಂದು ಓಣಿಗೆ ಗೊತ್ತಾದರೆ, ಅಂಗಡಿ ಹಾಗಿರಲಿ, ಊರಲ್ಲಿ ಉಳಿಯುವುದೇ ಕಷ್ಟವಿತ್ತು. ಅವಳ ಮಾತೇ ಸರಿ ಎಂದುಕೊಂಡು, ಆಯಿಯ ಬೋಗುಣಿಯನ್ನು ಚೀಲದಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ.

"ಬೋಗುಣಿ ಕೊಡ್ರಿ ಆಯಿ, ಕಲಾಯಿ ಹಾಕಿ ಕೊಡ್ತೀನಿ."

"ಇವತ್ತ ಬ್ಯಾಡಪ್ಪ. ನಾಳೆ ಮಠದ ಅಯ್ಯನವರು ಪ್ರಸಾದಕ್ಕ ಬರ್ತಾರ. ಅದರಾಗೇ ಹೂರಣ ಬೇಯಸಬೇಕು."

ಉಂಡ ಮನೆಗೆ ಎರಡು ಬಗೆಯಲು ನನ್ನಿಂದ ಆಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

ಆಯಿ ಒಳಗೆ ಹೋಗಿ ಬೋಗುಣಿಯನ್ನು ತಂದು ಅಂಗಳಕ್ಕೆ ಎಸೆದಳು. ನಾನು ಚೀಲದಿಂದ ತೆಗೆದಿಟ್ಟ ತನ್ನದನ್ನೂ ಮುಟ್ಟಲಿಲ್ಲ.

"ಎರಡೂ ತಗೊಂಡು ಹೋಗು. ಮತ್ತ ಈ ಬಾಗಲಿಗಿ ಬರಬ್ಯಾಡ."

ಖಾಲಾಳದನ್ನು ಖಾಲಾಳಿಗೆ ಮುಟ್ಟಿಸಿದೆ. ಆಯಿಯದು ಅಂಗಡಿಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಬೀದಿಯಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಎದ್ದು ಬಾಗಿಲಿಗೆ ಬರುತ್ತಿದ್ದೆ, ಇವತ್ತು ಓಣಿಯವರು ಜಗಳಕ್ಕೆ ಬಂದೇ ಬಂದರು ಎಂದು. ಬಂದವರೆಲ್ಲ ಪಾತ್ರೆ ಇಟ್ಟು ಹೋದರು. ಆಯಿಯದನ್ನು ಬಿಟ್ಟರೆ ಒಂದು ಮನೆಯೂ ತಪ್ಪಲಿಲ್ಲ. ಮುದುಕಿ ಯಾಕೆ ಸುಮ್ಮನಿದ್ದಾಳೆ ಎಂಬುದೇ ತಿಳಿಯದೆ ಆರು ತಿಂಗಳು ಒದ್ದಾಡಿದೆ.

ಒಂದು ದಿನ ಆಯಿಯ ನೆರೆಮನೆಯಾಕೆ ತನ್ನ ಹಂಡೆ ತಂದಳು.

"ನಮ್ಮ ಬಾಜೂ ಮನಿ ಆಯಿ ತಾಮ್ರದ್ದು ಬಿಟ್ಟೇಬಿಟ್ಟಾಳ ನೋಡ್ರಿ. ಈಗ ಮಣ್ಣಿನ ಗಡಿಗ್ಯಾಗ ಅಡಿಗಿ ಮಾಡ್ತಾಳ. ಯಾಕ ಅಂತ ಕೇಳಿದ್ರ, ನನಗ ಅದೇ ರುಚಿ, ನೀವು ಮಾತ್ರ ಆ ಕಲಾಯಿಯವನ ಕಡೀನೇ ಕಲಾಯಿ ಹಾಕಸ್ರಿ, ಚಲೋ ಕೈ ಅದ ಅಂತಾಳ. ಈ ವಯಸ್ಸಿನಾಗ ಏನ್ ಹುಚ್ಚರೀ ಇದು!"

ನನಗೆ ಪಾತ್ರೆ ಕೊಡಲು ಆಯಿಗೆ ಮನಸ್ಸಿರಲಿಲ್ಲ. ಬೇರೆ ಕಲಾಯಿಯವನಿಗೆ ಕೊಟ್ಟರೆ ಓಣಿ ಕಾರಣ ಕೇಳುತ್ತಿತ್ತು. ಅದಕ್ಕೆ ತಾಮ್ರವನ್ನೇ ಬಿಟ್ಟಿದ್ದಳು.

"ಹೌದ್ರೀ ಅವ್ವಾ, ಗಡಿಗಿ ಅಡಿಗಿ ರುಚೀನೇ ಬ್ಯಾರೆ," ಎಂದೆ.

ಕಲಾಯಿಯವನ ಬಾಯಲ್ಲಿ ಈ ಮಾತು ಕೇಳಿ ಅವಳು ನಗುತ್ತಾ ಹೋದಳು. ನಾನು ತಿದಿ ಬಿಟ್ಟು ಕುಳಿತು ಅತ್ತುಬಿಟ್ಟೆ.